ಟೋಬಿ ನೋಡಿದ ಕ್ರಾಕೋವ್

ಹೋಬಾರ್ಟ್, ತಾಸ್ಮೇನಿಯಾ
೧೨ ಆಗಸ್ಟ್ ೧೯೯೧

ಪ್ರೀತಿಯ ಸ್ತೆಫಾ ಅಕ್ಕ,

ಟಿಕೆಟ್ ಆಯಿತು. ನನ್ನ ಮಗಳು ಯೋಲಾ, ಅಳಿಯ ಡಂಕನ್, ಮಗು ಟೋಬಿ ಮೂವರೂ ಸೆಪ್ಟೆಂಬರ್ ಎಂಟಕ್ಕೆ ನಿನ್ನ ಮನೆ ಸೇರುತ್ತಾರೆ. ಅಕ್ಟೋಬರ್ ಆರರವರೆಗೆ ಇರುತ್ತಾರೆ. ನಾನು ಬರುತ್ತಿಲ್ಲ. ಸೊಂಟ ಹಿಡಿದುಕೊಂಡಿದೆ, ಮೂವತ್ತು ಗಂಟೆ ವಿಮಾನದಲ್ಲಿ ಕೂರಲಾರೆ. ಬೇಸರಪಡಬೇಡ. ಜರ್ಮನ್ನರು ನನ್ನನ್ನು ದುಡಿಮೆಗೆ ಹಿಡಿದೊಯ್ದು ನಲವತ್ತೆಂಟು ವರ್ಷವಾಯಿತು. ಇಷ್ಟು ವರ್ಷ ಕಾದಿದ್ದೀಯ, ಇನ್ನೊಂದು ವರ್ಷ ಕಾಯಿ.

ಯೋಲಾಳಿಗೆ ಊರನ್ನೆಲ್ಲ ತೋರಿಸು. ಕೋಟೆ, ಚರ್ಚು, ಅಪ್ಪ ಕೆಲಸ ಮಾಡುತ್ತಿದ್ದ ಟ್ರಾಮ್ ಡಿಪೋ, ನಾವಿಬ್ಬರೂ ಹುಟ್ಟಿದ ಮನೆ, ಏನನ್ನೂ ಬಿಡಬೇಡ. ಅವಳು ಮಗುವಿಗೆ ತೋರಿಸಬೇಕು ಎನ್ನುತ್ತಾಳೆ. ಎಂಟು ತಿಂಗಳ ಮಗುವಿಗೆ ಕೋಟೆಯಾದರೇನು, ದನದ ಕೊಟ್ಟಿಗೆಯಾದರೇನು ಎಂದು ನೀನು ನಗುತ್ತೀಯ. ನಕ್ಕುಬಿಡು, ಆದರೆ ಅವಳ ಎದುರು ನಗಬೇಡ.

ಮಗು ಸ್ವಲ್ಪ ನಾಜೂಕು. ಯೋಲಾ ಹೇಗೆ ಹೇಳುತ್ತಾಳೋ ಹಾಗೆ ಮಾಡು. ಹತ್ತು ವರ್ಷ ಕಾದು ಹೆತ್ತವಳು, ತುಸು ಅತಿ ಮಾಡಿದರೆ ಸಹಿಸಿಕೋ. ನಿನ್ನ ನಾಲಿಗೆ ನನಗೆ ಗೊತ್ತು.

ನಿನ್ನ
ಇರೇನಾ


ಕ್ರಾಕೋವ್
೧೧ ಸೆಪ್ಟೆಂಬರ್ ೧೯೯೧

ಇರೇನಾ,

ಬಂದಿದ್ದಾರೆ. ಮೂರು ಮಹಡಿ ಹತ್ತುವಷ್ಟರಲ್ಲಿ ನಿನ್ನ ಅಳಿಯನ ಮುಖ ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿತ್ತು. ಒಳ್ಳೆಯ ಮನುಷ್ಯ. ನಮ್ಮ ಮಾತು ಒಂದಕ್ಷರ ಬಾರದು, ಏನು ಕೊಟ್ಟರೂ ತಿಂದು ಹೊಟ್ಟೆ ಸವರಿ ತೋರಿಸುತ್ತಾನೆ. ಯೋಲಾ ಬಾಗಿಲಲ್ಲಿ ನಿಂತಾಗ ನನಗೆ ಜೀವ ಹಾರಿಹೋಯಿತು. ಅಮ್ಮನೇ ಬಂದು ನಿಂತ ಹಾಗಿತ್ತು. ಮಾತೂ ಅಮ್ಮನ ಕಾಲದ್ದೇ. ಬ್ರೆಡ್ ಅಂಗಡಿಯ ಹುಡುಗಿ ಕಿಸಕ್ಕನೆ ನಕ್ಕು ಕೇಳಿದಳು: "ಇವರನ್ನ ಯಾವ ಪೆಟ್ಟಿಗೆಯಿಂದ ತೆಗೆದ್ರಿ ಸ್ತೆಫಾ ಅಜ್ಜಿ, ಇನ್ನೂ ನುಸಿಗುಳಿಗೆ ವಾಸನೆ ಹೋಗಿಲ್ಲ!"

ಮಗುವಿಗೆ ಯಾರು ಟೋಬಿ ಎಂದು ಹೆಸರಿಟ್ಟದ್ದು? ಕೆಳಮನೆಯ ವಾಂದಾಳ ನಾಯಿಯ ಹೆಸರೂ ಅದೇ. ನಾನು ತೋಬಿಯಾಶ್ ಎಂದೇ ಕರೆಯುತ್ತೇನೆ. ಚೆಲುವ, ಕಣ್ಣಂತೂ ಎರಡು ದೀಪ. ಯಾರು ಬಂದರೂ ಹೋದರೂ ಕಣ್ಣಲ್ಲೇ ಹಿಂಬಾಲಿಸುತ್ತಾನೆ. ಆದರೆ ಇರೇನಾ, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ನಿನ್ನ ಮಗಳು ಅವನನ್ನು ಕೆಡಿಸುತ್ತಿದ್ದಾಳೆ. ಒಂದು ನಿಮಿಷ ಕೆಳಗಿಡುವುದಿಲ್ಲ. ಎಂಟು ತಿಂಗಳಾದರೂ ಕತ್ತು ನಿಂತಿಲ್ಲ, ಕಾಲು ಒದೆಯುವುದಿಲ್ಲ, ಅತ್ತರೆ ಬೆಕ್ಕಿನ ಮರಿಯ ದನಿ. ಒದೆಯಲು ಬಿಟ್ಟರೆ ತಾನೆ ಒದೆಯುವುದು!

"ನೆಲದ ಮೇಲೆ ಬೋರಲು ಮಲಗಿಸಮ್ಮ, ಎರಡು ದಿನ ಗೋಳಾಡಲಿ, ಮೂರನೇ ದಿನ ತಾನಾಗೇ ತಲೆ ಎತ್ತುತ್ತೆ" ಎಂದೆ.

"ಆಮೇಲೆ ಮಲಗಿಸ್ತೀನಿ ದೊಡ್ಡಮ್ಮ" ಎಂದಳು. ಆ ಆಮೇಲೆ ಇನ್ನೂ ಬಂದಿಲ್ಲ.

ನಿನ್ನೆ ದೊಡ್ಡ ಚೌಕಕ್ಕೆ ಹೋದೆವು. ಮಾರಿಯಾ ಚರ್ಚಿನ ಬಂಗಾರದ ಬಲಿಪೀಠದ ಬಾಗಿಲು ತೆರೆಯುವ ಹೊತ್ತಿಗೆ ಮಗು ಗಾಢ ನಿದ್ದೆಯಲ್ಲಿತ್ತು. ಅವಳು ಕೆನ್ನೆ ತಟ್ಟಿ ಎಬ್ಬಿಸಿದಳು! "ಟೋಬಿ, ನೋಡು, ಬಂಗಾರ ನೋಡು" ಎಂದು ಕತ್ತಿಗೆ ಕೈಕೊಟ್ಟು ಎತ್ತಿ ಹಿಡಿದಳು. ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆ ನೋಡಿದಳು. ನಾನು ನಾಚಿಕೆಯಿಂದ ಜಪಮಾಲೆ ಹುಡುಕುವವಳಂತೆ ಚೀಲದಲ್ಲಿ ತಲೆ ಹಾಕಿದೆ.

ಮತ್ತೆ ಇನ್ನೂ ಬರಿಯ ಹಾಲಂತೆ! ಯುದ್ಧ ಮುಗಿದ ಹಸಿವಿನಲ್ಲಿ ಎರಡು ಗಂಡುಮಕ್ಕಳನ್ನು ಸಾಕಿದವಳು ನಾನು. ಸಣ್ಣ ರವೆ ತಂದಿಟ್ಟಿದ್ದೇನೆ. ಗಂಜಿ ಹೊಟ್ಟೆಗೆ ಬಿದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಸ್ತೆಫಾ


ಕ್ರಾಕೋವ್
೧೯ ಸೆಪ್ಟೆಂಬರ್ ೧೯೯೧

ಇರೇನಾ,

ನಿನ್ನಿಂದ ಪತ್ರವಿಲ್ಲ. ಅಂಚೆ ಆಮೆಯ ಮೇಲೆ ಬರುತ್ತಿರಬೇಕು.

ಈ ವಾರ ನನ್ನ ಕಾಲು ಬಿದ್ದುಹೋಗಿದೆ. ಥಿಯೇಟರಿನಲ್ಲಿ ಮೂವತ್ತು ವರ್ಷ ರಾಜರಾಣಿಯರಿಗೆ ಬಟ್ಟೆ ಹೊಲಿದಾಗಲೂ ಇಷ್ಟು ದಣಿದಿರಲಿಲ್ಲ. ಕೋಟೆಗೆ ಎರಡು ಸಲ ಹೋದೆವು. ಗುಡ್ಡದ ಕೆಳಗೆ ಕಬ್ಬಿಣದ ಡ್ರ್ಯಾಗನ್ ಬಾಯಲ್ಲಿ ಬೆಂಕಿ ಉಗುಳುತ್ತದಲ್ಲ, ಅದನ್ನು ಕಂಡು ತೋಬಿಯಾಶ್ ನಕ್ಕ. ದನಿಯಿಲ್ಲದ ನಗು, ಮುಖವೆಲ್ಲ ಬಾಯಿ. ಡಂಕನ್ ಮತ್ತೆ ಬೆಂಕಿ ಬರುವವರೆಗೂ ಅಲ್ಲೇ ನಿಲ್ಲಿಸಿದ, ಆಮೇಲೆ ಇನ್ನೊಮ್ಮೆ, ಮತ್ತೊಮ್ಮೆ. ಯೋಲಾ ನದಿಯ ಕಡೆ ತಿರುಗಿ ಅಳುತ್ತಿದ್ದಳು. ಮಗು ನಕ್ಕರೆ ಅಳುವ ತಾಯಿಯನ್ನು ನಾನು ಎಲ್ಲೂ ನೋಡಿಲ್ಲ. ತಡವಾಗಿ ಹೆತ್ತವರು ಹೀಗೆಯೇ ಇರಬೇಕು.

ಮಂಗಳವಾರ ಉಪ್ಪಿನ ಗಣಿಗೆ ಹೊರಟರು. ಮುನ್ನೂರೆಪ್ಪತ್ತು ಮೆಟ್ಟಿಲು ಪಾತಾಳಕ್ಕೆ, ಮಗುವನ್ನು ಎದೆಗೆ ಕಟ್ಟಿಕೊಂಡು!

"ಅಲ್ಲೇನಿದೆ ಆ ಕೂಸಿಗೆ?" ಎಂದೆ.

"ಅಲ್ಲಿನ ಗಾಳಿ ಎದೆಗೆ ಒಳ್ಳೇದಂತೆ ದೊಡ್ಡಮ್ಮ."

"ಯಾಕೆ, ಅವನ ಎದೆಗೆ ಏನಾಗಿದೆ?"

"ಏನಿಲ್ಲ. ಸುಮ್ನೆ."

ಈ ಸುಮ್ನೆ ಎನ್ನುವ ಮಾತು ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ದೀಕ್ಷಾಸ್ನಾನವೂ ಆಗಿಲ್ಲ. ಹತ್ತು ಚರ್ಚು ಸುತ್ತಿಸಿ, ಒಂದು ಹನಿ ನೀರು ತಲೆಗೆ ಹಾಕಿಸಿಲ್ಲ. "ಅವನೇನು ಪಾಪ ಮಾಡಿದಾನೆ ತೊಳೆಯೋಕೆ?" ಎಂದು ನನ್ನನ್ನೇ ಕೇಳಿದಳು. ಅಮ್ಮ ಬದುಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು.

ನಿನ್ನೆ ಬಾಯಿ ತಡೆಯಲಿಲ್ಲ. "ಹೀಗೇ ಹೊತ್ಕೊಂಡು ತಿರುಗು, ಶಾಲೆಗೆ ಹೋಗೋವಾಗ್ಲೂ ಬೆನ್ನಮೇಲೇ ಕರ್ಕೊಂಡು ಹೋಗ್ಬೇಕಾಗುತ್ತೆ!" ಎಂದೆ. ಅವಳು ಸಿಟ್ಟಾಗಲಿಲ್ಲ ಇರೇನಾ. ನನ್ನನ್ನೇ ನೋಡಿ, "ಇನ್ನೊಂದ್ಸಲ ಹೇಳಿ ದೊಡ್ಡಮ್ಮ" ಎಂದಳು. ಗೇಲಿ ಮಾಡುತ್ತಿದ್ದಾಳೋ ಏನೋ ತಿಳಿಯಲಿಲ್ಲ. ನಿಮ್ಮ ಕಡೆಯ ಮಕ್ಕಳಿಗೆ ಹಿರಿಯರನ್ನು ಕಂಡರೆ ಇಷ್ಟೇ ಬೆಲೆಯೇನು?

ಒಂದು ಗಂಟೆ ಅವನನ್ನು ನನ್ನ ಕೈಗೆ ಬಿಡಲಿ, ತೋರಿಸಿಕೊಡುತ್ತೇನೆ.

ಸ್ತೆಫಾ


ಹೋಬಾರ್ಟ್
೨೪ ಸೆಪ್ಟೆಂಬರ್ ೧೯೯೧

ಅಕ್ಕ,

ಹನ್ನೊಂದನೆಯ ತಾರೀಕಿನ ನಿನ್ನ ಪತ್ರ ನಿನ್ನೆ ಬೆಳಿಗ್ಗೆ ಕೈಸೇರಿತು. ನಿನ್ನೆಯೆಲ್ಲ ಯೋಚಿಸಿ ಇವತ್ತು ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕಿಬಿಡು, ಯೋಲಾಳ ಕೈಗೆ ಸಿಗಬಾರದು. ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ.

ಟೋಬಿ ಬದುಕುವ ಮಗುವಲ್ಲ. ಹುಟ್ಟಿನಿಂದಲೇ ಅವನ ನರಗಳು ಸಾಯುತ್ತಿವೆ, ಮಾಂಸಖಂಡಗಳಿಗೆ ಬಲ ತಲುಪುವುದಿಲ್ಲ. ಮೊದಲು ಕಾಲು, ಆಮೇಲೆ ಕೈ, ಕತ್ತು, ಗಂಟಲು, ಕೊನೆಗೆ ಉಸಿರು. ಮದ್ದಿಲ್ಲ. ಕ್ರಿಸ್ಮಸ್ ಕಂಡರೆ ಪುಣ್ಯ ಎಂದು ಮೆಲ್ಬರ್ನಿನ ಡಾಕ್ಟರು ಹೇಳಿದರು. ಬುದ್ಧಿಗೆ ಏನೂ ಆಗಿಲ್ಲ. ಕಣ್ಣಿಗೂ ಏನೂ ಆಗಿಲ್ಲ. "ಅವನಿಗೆ ಪೂರ್ತಿಯಾಗಿರೋದು ಕಣ್ಣೊಂದೇ ಅಮ್ಮ, ಅದು ತುಂಬೋ ಹಾಗೆ ತೋರಿಸ್ತೀನಿ" ಎಂದು ಯೋಲಾ ಹಟ ಹಿಡಿದಳು. ಡಾಕ್ಟರು ಬೇಡವೆಂದರೂ ಹೊರಟಳು.

ನಿನಗೆ ಹೇಳಬೇಡ ಎಂದವಳೂ ಅವಳೇ. ಇಲ್ಲಿ ಎಲ್ಲರೂ ಮಗುವಿನ ಮುಖ ನೋಡಿ ದನಿ ತಗ್ಗಿಸುತ್ತಾರೆ, ತೊಟ್ಟಿಲ ಬಳಿ ಹೂವು ತಂದಿಟ್ಟು ಹೋಗುತ್ತಾರೆ. ಒಂದೇ ಒಂದು ತಿಂಗಳು ಅವನು ಎಲ್ಲರ ಮನೆಯ ಮಗುವಿನಂತೆ ಇರಲಿ, ಬೈಸಿಕೊಳ್ಳಲಿ, ಮುದ್ದಿಸಿಕೊಳ್ಳಲಿ ಎಂದಳು.

ಅಕ್ಕ, ನಿನ್ನ ಕಾಲಿಗೆ ಬೀಳುತ್ತೇನೆ, ಆ ರವೆಯನ್ನು ಮುಟ್ಟಬೇಡ. ಅವನಿಗೆ ನುಂಗಲು ಬಾರದು. ಹಾಲನ್ನೂ ಯೋಲಾ ಗುಟುಕು ಗುಟುಕಾಗಿ, ಗಂಟಲು ನೋಡಿಕೊಂಡು ಕುಡಿಸುತ್ತಾಳೆ. ಬೋರಲು ಮಲಗಿಸಬೇಡ. ಬಯ್ಯಬೇಕೆನಿಸಿದರೆ ಬಯ್ಯಿ, ನಿನಗೆ ಏನೂ ತಿಳಿಯದಂತೆಯೇ ಇರು.

ಇರೇನಾ


ಕ್ರಾಕೋವ್
೨ ಅಕ್ಟೋಬರ್ ೧೯೯೧

ಇರೇನಾ,

ಡಂಕನ್ ತಂತಿ ಕಳಿಸಿದ್ದಾನೆ, ನಿನಗೆ ಗೊತ್ತಾಗಿದೆ. ಮಗು ಶನಿವಾರ ಬೆಳಿಗ್ಗೆ ಹೋಯಿತು. ಮೂರು ದಿನ ಆಸ್ಪತ್ರೆಯಲ್ಲಿತ್ತು. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಚರ್ಚುಗಳ ಆ ಕಲ್ಲಿನ ತಂಪು, ಗಣಿ, ಊರಿನ ಹೊಗೆ, ಯಾವುದು ತಾಗಿತೋ. ಅಲ್ಲಿಗೆಲ್ಲ ಕರೆದೊಯ್ಯಬೇಡ ಎಂದು ನಾನು ಮೊದಲೇ ಹೇಳಿದ್ದೆ.

ಶುಕ್ರವಾರ ಆಸ್ಪತ್ರೆಯಲ್ಲಿ ಯಾರೂ ಇಲ್ಲದ ಒಂದು ಗಳಿಗೆ ನಲ್ಲಿಯ ನೀರು ಹಿಡಿದು ನಾನೇ ದೀಕ್ಷೆ ಕೊಟ್ಟೆ. ಯೋಲಾಳಿಗೆ ಹೇಳಿಲ್ಲ.

ಅವಳು ಅಳಲಿಲ್ಲ. "ದೊಡ್ಡಮ್ಮ, ಅಜ್ಜಿಯ ಸಮಾಧಿಯಲ್ಲಿ ಜಾಗ ಇದೆಯಾ?" ಎಂದು ಮಾತ್ರ ಕೇಳಿದಳು. ನಿನ್ನೆ ಅಮ್ಮನ ಪಕ್ಕದಲ್ಲಿ ಮಲಗಿಸಿದೆವು. ಪೆಟ್ಟಿಗೆಯನ್ನು ಡಂಕನ್ ಒಬ್ಬನೇ ಎರಡು ಕೈಯಲ್ಲಿ ಎತ್ತಿಕೊಂಡು ನಡೆದ. ಯಾರೋ ಕೈ ಕೊಡಲು ಹೋದರೆ ಬಿಡಲಿಲ್ಲ.

ಭಾನುವಾರ ಹೊರಡುತ್ತಾರೆ. ಯೋಲಾ ನನ್ನ ಜೊತೆ ಮಾತಾಡುತ್ತಾಳೆ. ಉಪ್ಪು ಎಲ್ಲಿದೆ, ಟವೆಲ್ ಎಲ್ಲಿದೆ. ಅಷ್ಟೇ.

ಸ್ತೆಫಾ


ಹೋಬಾರ್ಟ್
೧೬ ಅಕ್ಟೋಬರ್ ೧೯೯೧

ಅಕ್ಕ,

ಅವರು ಬಂದು ಸೇರಿದ್ದಾರೆ. ಮೊನ್ನೆ ನಿನ್ನ ಪತ್ರವೂ ಬಂತು. ನಾನು ಎಲ್ಲವನ್ನೂ ಬರೆದ ಪತ್ರ ನಿನಗೆ ಸಿಗುವ ಮೊದಲೇ ಅವನು ಹೋಗಿಬಿಟ್ಟಿದ್ದ ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಈಗ ಓದಿರುತ್ತೀಯ. ಚರ್ಚಿನ ತಂಪು ಎಂದು ಕೊರಗಬೇಡ, ಯೋಲಾಳನ್ನೂ ದೂರಬೇಡ. ಒಂದು ಸಣ್ಣ ಕೆಮ್ಮು ಸಾಕಾಗಿತ್ತು ಅವನಿಗೆ. ಇಂದಲ್ಲದಿದ್ದರೆ ಡಿಸೆಂಬರ್.

ತಪ್ಪು ನನ್ನದು. ನಿನ್ನ ಪತ್ರ ಇಪ್ಪತ್ತಮೂರಕ್ಕೇ ಬಂದಿತ್ತು. ರವೆಯ ಮಾತು ಓದಿದ ಕೂಡಲೇ ಅಂಚೆ ಕಚೇರಿಗೆ ಹೋಗಿ ತಂತಿಯ ಕಾಗದ ತೆಗೆದುಕೊಂಡೆ, "ಮಗುವಿಗೆ ಏನೂ ತಿನ್ನಿಸಬೇಡ" ಎಂದು ಬರೆದೆ. ತಂತಿಯನ್ನು ಬಾಗಿಲಲ್ಲಿ ಯೋಲಾ ಇಸಿದುಕೊಂಡರೆ, ನಾನು ಬಾಯಿ ಬಿಟ್ಟೆ ಎಂದು ತಿಳಿದರೆ ಎಂದು ಹೆದರಿ ಹರಿದು ಹಾಕಿ ಮನೆಗೆ ಬಂದೆ. ಸದ್ಯ, ಅದರಿಂದ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೂ ಅದು ನನ್ನನ್ನು ಚುಚ್ಚುತ್ತಿದೆ.

ಇನ್ನೊಂದು. ನನ್ನ ಸೊಂಟಕ್ಕೆ ಏನೂ ಆಗಿಲ್ಲ ಅಕ್ಕ. ಅವನು ಅಲ್ಲೇ ಹೋಗಿಬಿಟ್ಟರೆ ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಬರಲಿಲ್ಲ. ನಿನ್ನ ಮೇಲೆ ಹಾಕಿದೆ.

ಇರೇನಾ


ಕ್ರಾಕೋವ್
೧ ನವೆಂಬರ್ ೧೯೯೧

ಇರೇನಾ,

ಸ್ಮಶಾನದಿಂದ ಈಗ ಬಂದೆ. ಇವತ್ತು ಸತ್ತವರ ಹಬ್ಬ, ಊರೆಲ್ಲ ಅಲ್ಲೇ ಇತ್ತು. ಅಮ್ಮನಿಗೊಂದು, ಅವನಿಗೊಂದು ದೀಪ ಹಚ್ಚಿದೆ. ಪಕ್ಕದ ಸಮಾಧಿಯವಳು ಕೇಳಿದಳು: "ಯಾರ್ದಮ್ಮ ಈ ಪುಟ್ಟದು? ಏನಾಗಿತ್ತು?" ಚರ್ಚಿನ ತಂಪು ತಾಗಿತು ಎನ್ನಲು ಹೋದೆ, ಆ ಸುಳ್ಳು ಬಾಯಿಂದ ಬರಲಿಲ್ಲ. ನಿನಗೂ ಅದನ್ನೇ ಬರೆದಿದ್ದೆ.

ನೀನು ಎಲ್ಲವನ್ನೂ ಬರೆದ ಆ ಪತ್ರ ಅಕ್ಟೋಬರ್ ಐದರಂದು ಬಂತು. ಅವರು ಒಳಕೋಣೆಯಲ್ಲಿ ಬಟ್ಟೆ ಜೋಡಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತೇ ಓದಿದೆ.

ಸೆಪ್ಟೆಂಬರ್ ಇಪ್ಪತ್ತೈದು, ಬುಧವಾರ. ಅವರ ಮದುವೆಯ ದಿನವಂತೆ. ಹನ್ನೊಂದು ವರ್ಷ. ನಾನೇ ಬಲವಂತ ಮಾಡಿದೆ: "ಹೋಗ್ರಮ್ಮ, ಚರ್ಚಿನ ಗೋಪುರ ಹತ್ತಿ ಬನ್ನಿ, ಒಂದ್ಕಡೆ ಕೂತು ಕಾಫಿ ಕುಡೀರಿ. ನಾನೇನು ಮಕ್ಕಳನ್ನ ಕಾಣದವಳಾ?" ಯೋಲಾ ಬಾಗಿಲವರೆಗೆ ಹೋಗಿ ಮೂರು ಸಲ ತಿರುಗಿ ಬಂದಳು. "ಹಾಲು ಕುಡಿದಿದಾನೆ. ಏನೂ ಕೊಡಬೇಡಿ ದೊಡ್ಡಮ್ಮ. ಎತ್ಕೊಂಡೇ ಇರಿ, ಅಷ್ಟು ಸಾಕು" ಎಂದಳು.

ಅವರ ಹೆಜ್ಜೆ ಮೆಟ್ಟಿಲಿಳಿದ ಕೂಡಲೇ ನಾನು ಹಾಲು ಕಾಯಿಸಿ ರವೆ ಗಂಜಿ ಮಾಡಿದೆ. ತೊಡೆಯ ಮೇಲೆ ಕೂರಿಸಿಕೊಂಡು ತಿನ್ನಿಸಿದೆ. ನೆತ್ತಿಗೇರಿತು. ಅವನು ಕೆಮ್ಮಲೇ ಇಲ್ಲ ಇರೇನಾ. ಕೆಮ್ಮಲೂ ಅವನಿಗೆ ಬಲವಿರಲಿಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತ ನೀಲಿಯಾದ. ತಲೆಕೆಳಗೆ ಮಾಡಿ ಬೆನ್ನು ತಟ್ಟಿದೆ, ವಾಂದಾಳನ್ನು ಕೂಗಿದೆ, ಅವಳ ಫೋನಿನಿಂದ ಆಂಬುಲೆನ್ಸ್ ಬಂತು. ಉಸಿರು ಮರಳಿತು. ಎದೆಯೊಳಗೆ ಹೋದದ್ದು ಮರಳಿ ಬರಲಿಲ್ಲ.

"ಬಾಯಿಗೆ ಏನಾದ್ರೂ ಹಾಕಿದ್ರಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಅಷ್ಟು ಹೊತ್ತಿಗೆ ಯೋಲಾ ಓಡಿಬಂದಿದ್ದಳು. ಅವಳ ಎದುರೂ ಇಲ್ಲ ಎಂದೆ.

ನೀನು ತಂತಿ ಕಳಿಸಿದ್ದರೆ ಇಪ್ಪತ್ತನಾಲ್ಕಕ್ಕೆ ಸಿಗುತ್ತಿತ್ತು. ನಿನ್ನನ್ನು ಚುಚ್ಚಲೆಂದು ಬರೆಯುತ್ತಿಲ್ಲ. ಇಷ್ಟು ದಿನ ಚುಚ್ಚಬೇಕೆಂದೇ ಇದ್ದೆ, ಇವತ್ತು ಆ ಸಿಟ್ಟು ಹುಡುಕಿದರೂ ಸಿಗುತ್ತಿಲ್ಲ. ತಂತಿ ಬೇಕೇ ಇರಲಿಲ್ಲ. ತಾಯಿ ಹೇಳಿದ್ದಳು.

ಯೋಲಾಳಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದೇನೆ. ನನಗೆ ಆ ಧೈರ್ಯವಿಲ್ಲ.

ಸ್ತೆಫಾ


ಹೋಬಾರ್ಟ್
೨೦ ಫೆಬ್ರವರಿ ೧೯೯೨

ಅಕ್ಕ,

ಮೂರು ತಿಂಗಳು ನಿನಗೆ ಬರೆಯಲಿಲ್ಲ. ನಿನ್ನ ಕ್ರಿಸ್ಮಸ್ ಕಾರ್ಡನ್ನೂ ಒಡೆಯಲಿಲ್ಲ. ನಿನ್ನ ಮೇಲಿನ ಸಿಟ್ಟು ಎಷ್ಟು, ನನ್ನ ಮೇಲಿನದು ಎಷ್ಟು ಎಂದು ಬೇರೆ ಮಾಡಲು ಆಗಲಿಲ್ಲ. ಈಗಲೂ ಆಗಿಲ್ಲ.

ಹೇಳುವುದು ಬೇಡ ಎಂದೇ ನಿಶ್ಚಯಿಸಿದ್ದೆ. ಹೋದ ಭಾನುವಾರ ಯೋಲಾ ಬಂದಿದ್ದಳು. ಅಲ್ಲಿ ತೆಗೆದ ಫೋಟೋಗಳನ್ನು ಮೊದಲ ಸಲ ತೋರಿಸಿದಳು. ಒಂದರಲ್ಲಿ ನೀನು ಬಾಯಿ ತೆರೆದು ಬೈಯುತ್ತಿದ್ದೀಯ, ಟೋಬಿ ನಿನ್ನನ್ನೇ ನೋಡುತ್ತಿದ್ದಾನೆ. "ಪಾಪ, ದೊಡ್ಡಮ್ಮ ಈಗ ಹೇಗಿದಾರಂತೆ?" ಎಂದು ಅವಳು ಕೇಳಿದ ರೀತಿಗೆ ನನಗೆ ತಡೆಯಲಾಗಲಿಲ್ಲ. ನಿನ್ನ ಪತ್ರ ತಂದು ಮುಂದಿಟ್ಟೆ.

ಓದಿ ಮಡಚಿಟ್ಟಳು. "ನಂಗೆ ಗೊತ್ತು" ಎಂದಳು.

ಆಸ್ಪತ್ರೆಯಲ್ಲಿ ಅವನ ಬಟ್ಟೆ ಬಿಚ್ಚುವಾಗ ಕತ್ತಿನ ಮಡಿಕೆಯಲ್ಲಿ ರವೆ ಅಂಟಿತ್ತಂತೆ. ಬೆರಳಿಂದ ಒರೆಸಿಬಿಟ್ಟಳಂತೆ.

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?" ಎಂದೆ.

"ಬಿಟ್ಟಿದ್ರೆ ಅವರನ್ನ ಅಲ್ಲೇ ಕೊಂದುಹಾಕ್ತಿದ್ದೆ ಅಮ್ಮ. ಮಗುನ ಮಣ್ಣು ಮಾಡೋಕೆ ನಂಗೆ ಅಜ್ಜಿ ಸಮಾಧಿ ಬೇಕಿತ್ತು, ಅದು ಅವರ ಕೈಲಿತ್ತು."

ಇದನ್ನು ಹಾಗೆಯೇ ಬರೆಯುತ್ತಿದ್ದೇನೆ, ಮೆದುವಾಗಿಸುವ ಹಕ್ಕು ನನಗಿಲ್ಲ. ಡಂಕನ್‌ನಿಗೆ ತಿಳಿಯದು, ಎಂದೂ ತಿಳಿಯಬಾರದು. ಯೋಲಾ ನಿನಗೆ ಬರೆಯುವುದಿಲ್ಲ. ಕ್ಷಮೆಯ ಮಾತು ಎತ್ತಬೇಡ ಎಂದಿದ್ದಾಳೆ.

ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು. "ಅವನು ಹಾಲು ಬಿಟ್ಟು ಬೇರೆ ಏನನ್ನೂ ಬಾಯಲ್ಲಿ ಇಟ್ಟಿರಲಿಲ್ಲ. ಒಂದು ಕೇಳಮ್ಮ ದೊಡ್ಡಮ್ಮನ್ನ. ಅವನಿಗೆ ಅದು ಹಿಡಿಸ್ತಾ?"

ಉತ್ತರ ಬರಿ. ಸುಳ್ಳು ಬರೆಯಬೇಡ.

ಇರೇನಾ


ಕ್ರಾಕೋವ್
೬ ಮಾರ್ಚ್ ೧೯೯೨

ಯೋಲಾ,

ಇದನ್ನು ನಿನಗೇ ಬರೆಯುತ್ತಿದ್ದೇನೆ. ಉತ್ತರ ಬರುವುದಿಲ್ಲ ಎಂದು ಗೊತ್ತು.

ಗಂಜಿ ತೆಳ್ಳಗಿತ್ತು. ಸಕ್ಕರೆ ಸ್ವಲ್ಪ, ಮೇಲೆ ಅರ್ಧ ಚಮಚ ರಾಸ್‌ಬೆರಿ ಪಾನಕ. ನನ್ನ ತುಟಿಗೆ ತಾಗಿಸಿ ಬಿಸಿ ನೋಡಿಯೇ ಕೊಟ್ಟೆ. ಕಿಟಕಿಯ ಪಕ್ಕ ಕೂತಿದ್ದೆ. ಅವನ ತಲೆ ನನ್ನ ಎಡತೋಳಿನಲ್ಲಿತ್ತು.

ಮೊದಲನೆಯದನ್ನು ನಾಲಿಗೆಯಿಂದ ಹೊರಗೆ ತಳ್ಳಿದ. ಹುಬ್ಬು ಗಂಟಿಕ್ಕಿ, ಯಾರೋ ಮೋಸ ಮಾಡಿದರು ಎನ್ನುವ ಹಾಗೆ ನೋಡಿದ. ನನಗೆ ನಗು ಬಂತು. ಗಲ್ಲದ ಮೇಲಿದ್ದುದನ್ನು ಬಳಿದು ಮತ್ತೆ ಕೊಟ್ಟೆ. ಎರಡನೆಯದನ್ನು ಬಾಯಲ್ಲಿ ಇಟ್ಟುಕೊಂಡ. ಬಹಳ ಹೊತ್ತು ಇಟ್ಟುಕೊಂಡಿದ್ದ, ಆಮೇಲೆ ಹುಬ್ಬಿನ ಗಂಟು ಬಿಚ್ಚಿತು. ಮೂರನೆಯದಕ್ಕೆ ಚಮಚ ಬಟ್ಟಲಿನಿಂದ ಏಳುವ ಮೊದಲೇ ಬಾಯಿ ತೆರೆದ. ಅವನ ಕಣ್ಣು ಚಮಚದ ಹಿಂದೆ ಬಟ್ಟಲಿಗೆ ಹೋಗುತ್ತಿತ್ತು, ಬರುತ್ತಿತ್ತು. ನಾನು ತಡ ಮಾಡಿದರೆ "ಊಂ" ಎನ್ನುತ್ತಿದ್ದ. ನಾಲ್ಕನೆಯದಕ್ಕೆ ಆ ದನಿಯಿಲ್ಲದ ನಗು ನಕ್ಕ.

"ನೋಡಿದ್ಯೇನೋ ಕಳ್ಳ, ನಿಮ್ಮಮ್ಮ ಇದನ್ನೆಲ್ಲ ಬಚ್ಚಿಟ್ಟಿದ್ಲು" ಎಂದೆ ಅವನಿಗೆ. ಹೌದು, ಹಾಗೆಂದೆ.

ಐದನೆಯದು ಗಂಟಲಿಗೆ ಹೋಯಿತು.

ಅವನಿಗೆ ಹಿಡಿಸಿತ್ತು ಯೋಲಾ. ನಿನ್ನ ಸಮಾಧಾನಕ್ಕೆಂದು ಹೇಳುತ್ತಿಲ್ಲ. ಹಿಡಿಸಿರದಿದ್ದರೆ ನಾನು ಎರಡಕ್ಕೇ ನಿಲ್ಲಿಸುತ್ತಿದ್ದೆ.

ಸ್ತೆಫಾನಿಯಾ